ತಳದ ಭಾರ ಇಳಿದರೆ ಗೋಡೆಯ ಪಾಲು ಏರಿತು ಅಂತಲೇ ಲೆಕ್ಕ

ಸಂಪಾದಕರೇ, ನಮಸ್ಕಾರ.

ನಿಮ್ಮ ವಿಜ್ಞಾನ ಪುಟದ ಮೂಲೆಯಲ್ಲಿ ಒಂದು ಚಿಕ್ಕ ಸುದ್ದಿ ಬಂದಿತ್ತು. ಕೊಳವೆಯಲ್ಲಿ ತುಂಬಿಟ್ಟ ಕಬ್ಬಿಣದ ಗುಂಡುಗಳ ಹತ್ತಿರ ಅಯಸ್ಕಾಂತ ತಂದರೆ ಗುಂಡುಗಳ ತೂಕ ಕಡಿಮೆಯಾಗುತ್ತದೆ, ಮುಂದೆ ದೊಡ್ಡ ದೊಡ್ಡ ಕಣಜಗಳ ಭಾರ ಇಳಿಸಲು ಇದು ಉಪಯೋಗಕ್ಕೆ ಬರಬಹುದು ಅಂತ ಅದರಲ್ಲಿತ್ತು. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಹೇಳಿ ನಿಲ್ಲಿಸಿದ್ದೀರಿ, ಬಿಟ್ಟ ಅರ್ಧವೇ ನನ್ನಂಥವರ ಹೊಟ್ಟೆಪಾಡಿಗೆ ಸಂಬಂಧಪಟ್ಟದ್ದು.

ನಾನು ಶಿರಸಿಯಲ್ಲಿ ವೆಲ್ಡಿಂಗ್ ಮತ್ತು ಶೀಟ್ ಕೆಲಸದ ವರ್ಕ್‌ಶಾಪ್ ಇಟ್ಟುಕೊಂಡವನು. ಗೇಟು, ಗ್ರಿಲ್ಲು ಎಲ್ಲ ಮಾಡುತ್ತೇವೆ, ಜೊತೆಗೆ ಭತ್ತದ ಮಿಲ್ಲುಗಳಿಗೆ ಹಾಪರ್ (ಕಾಳು ಸುರಿಯುವ ದೊಡ್ಡ ಆಲಿಕೆ), ಬಿನ್ (ಕಾಳು ತುಂಬಿಡುವ ಶೀಟಿನ ಕಣಜ) ಕೂಡ. ಸುದ್ದಿ ಬಂದ ಮೇಲೆ ಬಿನ್ ಮಾಡಿಸಲು ಬಂದ ಹಿರಿಯರೊಬ್ಬರು ಪೇಪರ್ ಮಡಚಿ ಜೇಬಲ್ಲಿಟ್ಟುಕೊಂಡೇ ಬಂದಿದ್ದರು. "ತಮಾ, ಪೇಪರಲ್ಲಿ ಬೈಂದು ನೋಡಿದ್ಯಾ? ಮ್ಯಾಗ್ನೆಟ್ ಕೂರ್ಸಿರೆ ಭಾರ ಕಮ್ಮಿ ಆಗ್ತಡ. 14 ಗೇಜ್ ಎಂತಕ್ಕೆ, 16 ಸಾಕು" ಅಂದರು. ಗೇಜ್ ನಂಬರ್ ಏರಿದಷ್ಟೂ ಶೀಟ್ ತೆಳ್ಳಗೆ. 14 ಅಂದರೆ ಎರಡು ಮಿಲಿಮೀಟರ್, 16 ಅಂದರೆ ಒಂದೂವರೆಗೆ ಸ್ವಲ್ಪ ಮೇಲೆ. ದುಡ್ಡು ಉಳಿಯುತ್ತದಲ್ಲ, ಅವರ ಆಸೆ ತಪ್ಪೇನಲ್ಲ. ಆದರೆ ಪೇಪರ್ ಓದಿ ಶೀಟ್ ತೆಳ್ಳಗೆ ಮಾಡಿಸಿದರೆ ಮೊದಲು ಸೊಟ್ಟಗಾಗುವುದು ಗೋಡೆ, ತಳ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಮ್ಯಾಗ್ನೆಟ್ ಪಕ್ಕಕ್ಕಿಡೋಣ.

ಬಾವಿಯಲ್ಲಿ ಕೆಳಗೆ ಹೋದಷ್ಟೂ ನೀರಿನ ಒತ್ತಡ ಏರುತ್ತದೆ, ಹತ್ತು ಮೀಟರಿಗೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ. ಅದಕ್ಕೆ ಮಿತಿ ಇಲ್ಲ. ಭತ್ತ, ಅಕ್ಕಿ, ಒಣ ಮರಳು, ಸಿಮೆಂಟು ಇವು ಹಾಗಲ್ಲ. ಎತ್ತರದ ಕೊಳವೆಯಲ್ಲಿ ತುಂಬಿದರೆ ತಳದ ಒತ್ತಡ ಸ್ವಲ್ಪ ದೂರ ಏರಿ ಆಮೇಲೆ ನಿಂತೇಬಿಡುತ್ತದೆ. ಮೇಲಿಂದ ಇನ್ನೆಷ್ಟು ಸುರಿದರೂ ತಳಕ್ಕೆ ಗೊತ್ತೇ ಆಗುವುದಿಲ್ಲ. ಮಾರಿಕಾಂಬಾ ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಹಿಂದಿನವರ ನೂಕು ಮುಂದಿನವರಿಗೆ ಪೂರ್ತಿ ಮುಟ್ಟುವುದಿಲ್ಲ, ಹೆಗಲಿಂದ ಹೆಗಲಿಗೆ ಅಡ್ಡ ಹರಿದು ಇಕ್ಕೆಲದ ಅಂಗಡಿಗಳ ಗೋಡೆಗೆ ಹೋಗುತ್ತದೆ. ಕಾಳುಗಳೂ ಮೇಲಿನ ಭಾರವನ್ನು ಅಡ್ಡಕ್ಕೆ ದಾಟಿಸುತ್ತವೆ, ಗೋಡೆಗೆ ಒತ್ತಿಕೊಳ್ಳುತ್ತವೆ, ಒತ್ತಿದಲ್ಲಿ ತಿಕ್ಕಾಟ ಹುಟ್ಟುತ್ತದೆ, ಆ ತಿಕ್ಕಾಟವೇ ಕಾಳನ್ನು ಹಿಡಿದು ನಿಲ್ಲಿಸುತ್ತದೆ.

ಇದನ್ನು ಲೆಕ್ಕಕ್ಕೆ ತಂದವನು ಜರ್ಮನಿಯ ಬ್ರೆಮೆನ್ ಊರಿನ ಎಂಜಿನಿಯರ್ ಯಾನ್ಸೆನ್, 1895ರಲ್ಲಿ. ಚೌಕಾಕಾರದ ಮಾದರಿ ಕಣಜ ಮಾಡಿಸಿದ, ಗೋಡೆ ಬೇರೆ ತಳ ಬೇರೆ. ತಳವನ್ನಷ್ಟೇ ತಕ್ಕಡಿಯ ಮೇಲಿಟ್ಟು ಕಾಳು ಸುರಿಯುತ್ತಾ ಹೋದ. ಅವನಿಗಿಂತ ಮೊದಲೇ, 1880ರ ದಶಕದಲ್ಲಿ, ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ ಗೋಧಿ ತುಂಬಿ ನೋಡಿ ತಳದ ಒತ್ತಡ ಒಂದು ಹಂತದಲ್ಲಿ ನಿಲ್ಲುತ್ತದೆ ಅಂತ ಹೇಳಿಯಾಗಿತ್ತು. ಈ ರಾಬರ್ಟ್ಸ್ ಕಟ್ಟಡ ಕಟ್ಟಿಸುವ ಕೆಲಸದವನು, ಆಮೇಲೆ 1888ರಲ್ಲಿ ಆಂಡ್ರೊಮಿಡಾ ನೀಹಾರಿಕೆಯ ಫೋಟೋ ತೆಗೆದು ಅದರಿಂದಲೇ ಹೆಸರು ಮಾಡಿದ. ಗೋಧಿಯ ಕೆಲಸ ಯಾರಿಗೂ ನೆನಪಿಲ್ಲ, ಆ ಮಾತು ಬಿಡಿ. ನಮ್ಮ ದೇಶದಲ್ಲಿ ಕಾಂಕ್ರೀಟ್ ಬಿನ್‌ಗಳ ವಿನ್ಯಾಸಕ್ಕೆ ಇರುವ ಐಎಸ್ 4995 ಎಂಬ ನಿಯಮದಲ್ಲೂ ಒತ್ತಡದ ಲೆಕ್ಕಕ್ಕೆ ಯಾನ್ಸೆನ್ ದಾರಿಯೇ ಬುಡ.

ಈಗ ಆ ಹಿರಿಯರಿಗೆ ನಾನು ಚೀಟಿಯ ಹಿಂದೆ ಬರೆದು ತೋರಿಸಿದ ಲೆಕ್ಕ ಹೇಳುತ್ತೇನೆ. ಎರಡು ಮೀಟರ್ ಅಗಲದ ದುಂಡು ಬಿನ್, ಆರು ಮೀಟರ್ ಎತ್ತರ, ಒಣ ಭತ್ತ. ಒಂದು ಘನ ಮೀಟರ್ ಭತ್ತ ಸುಮಾರು 575 ಕಿಲೋ ಅಂತ ಹಿಡಿಯಿರಿ. ಒಟ್ಟು ಹತ್ತಿರ ಹತ್ತಿರ 11 ಟನ್ ಆಯಿತು. ಭತ್ತ ಮತ್ತು ಶೀಟಿನ ನಡುವಿನ ತಿಕ್ಕಾಟದ ಅಂಕಿ 0.4, ಮೇಲಿನ ಒತ್ತಡದಲ್ಲಿ ಅಡ್ಡಕ್ಕೆ ತಿರುಗುವ ಪಾಲು ಅರ್ಧ ಅಂತ ಇಟ್ಟುಕೊಂಡರೆ, ಬಿನ್ನಿನ ಅಗಲವನ್ನು ಈ ಎರಡರ ಗುಣಾಕಾರದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ಎರಡೂವರೆ ಮೀಟರ್ ಸಿಗುತ್ತದೆ. ಅಷ್ಟು ಎತ್ತರದ ಭತ್ತ ಎಷ್ಟು ತೂಗುತ್ತದೋ, ಅದಕ್ಕಿಂತ ಜಾಸ್ತಿ ಭಾರ ಆ ತಳಕ್ಕೆ ಯಾವತ್ತೂ ಬೀಳುವುದಿಲ್ಲ. ನಮ್ಮ ಆರು ಮೀಟರ್ ಬಿನ್ನಿನಲ್ಲಿ ತಳಕ್ಕೆ ಬೀಳುವುದು 4 ಟನ್ ಚಿಲ್ಲರೆ. ಉಳಿದ ಆರೂ ಮುಕ್ಕಾಲು ಟನ್ ಎಲ್ಲಿ ಹೋಯಿತು? ಗೋಡೆಗೆ. ಅದೇ ಬಿನ್ನನ್ನು 12 ಮೀಟರಿಗೆ ಎತ್ತರಿಸಿ ನೋಡಿ, ಭತ್ತ ಹೆಚ್ಚುಕಡಿಮೆ 22 ಟನ್ ಆಗುತ್ತದೆ, ತಳಕ್ಕೆ ಬೀಳುವುದು ನಾಲ್ಕೂವರೆ ಟನ್ ಅಷ್ಟೇ. ಅಂದರೆ ಹೊಸದಾಗಿ ಸುರಿದ 11 ಟನ್ನಿನಲ್ಲಿ ತಳ ಕಂಡಿದ್ದು ನಾಲ್ಕು ಕ್ವಿಂಟಲ್ ಸಹ ಇಲ್ಲ. ಮಿಕ್ಕಿದ್ದೆಲ್ಲ ಶೀಟ್ ಮತ್ತು ಅದಕ್ಕೆ ಬಲಕ್ಕೆ ಕೊಟ್ಟ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಹೊರಬೇಕು.

ಮೇಲಿಂದ ಕೆಳಕ್ಕೆ ಎಳೆಯುವ ಈ ಭಾರ ತೆಳ್ಳಗಿನ ಶೀಟಿಗೆ ಬಹಳ ಕೆಟ್ಟದ್ದು. ಹೊರಕ್ಕೆ ಉಬ್ಬಿಸುವ ಒತ್ತಡವನ್ನು ದುಂಡು ಶೀಟ್ ಚೆನ್ನಾಗಿಯೇ ತಡೆಯುತ್ತದೆ. ಆದರೆ ನಿಲುವಿನಲ್ಲಿ ಅದುಮಿದರೆ ಬುಡದ ಹತ್ತಿರ ಸುಕ್ಕು ಬಿದ್ದು ಮಡಚಿಕೊಳ್ಳುತ್ತದೆ. ಭತ್ತ ಬಿಡುವಾಗ ಇನ್ನೂ ಕಷ್ಟ. ಕಾಳು ಇಳಿಯಲು ಶುರುವಾದ ಕೂಡಲೇ ಗೋಡೆಯ ಮೇಲಿನ ಒತ್ತಡ ತುಂಬುವಾಗಿನದಕ್ಕಿಂತ ಜಾಸ್ತಿಯಾಗುತ್ತದೆ, ಬಾಯಿಯನ್ನು ನಡುವೆ ಬಿಟ್ಟು ಒಂದು ಪಕ್ಕಕ್ಕೆ ಇಟ್ಟಿದ್ದರಂತೂ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಜಾಗ ಇಲ್ಲ ಅಂತ ಬಾಯಿಯನ್ನು ಪಕ್ಕಕ್ಕೆ ಮಾಡಿಸಿಕೊಳ್ಳುವವರು ಇದನ್ನು ಯೋಚಿಸುವುದೇ ಇಲ್ಲ. ಜೊತೆಗೆ ನಮ್ಮ ಮಳೆ. ಭತ್ತದ ತೇವ ಶೇಕಡಾ 14ರ ಒಳಗಿದ್ದರೆ ಲೆಕ್ಕ ಸುಮಾರಾಗಿ ಸರಿ. ಜೂನ್ ತಿಂಗಳಲ್ಲಿ ಎಲ್ಲೋ ಸೋರಿ ಭತ್ತ ನೆನೆದು ಉಬ್ಬಿದರೆ ಚೀಟಿಯ ಹಿಂದಿನ ಲೆಕ್ಕ ಚೀಟಿಯಲ್ಲೇ ಉಳಿಯುತ್ತದೆ.

ಸರಿ, ಈಗ ಮ್ಯಾಗ್ನೆಟ್ ವಿಷಯ.

ನೀವು ಹಾಕಿದ ಸುದ್ದಿಯ ಮೂಲ, ನನಗೆ ಅರ್ಥವಾದ ಮಟ್ಟಿಗೆ, 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ. ಫ್ರಾನ್ಸಿನ ಲಿಯಾನ್ ಮತ್ತು ನಾರ್ವೆಯ ಓಸ್ಲೊ ಕಡೆಯ ಭೌತವಿಜ್ಞಾನಿಗಳು ಸೇರಿ ಮಾಡಿದ್ದು. ಯಾನ್ಸೆನ್ ಪ್ರಯೋಗವನ್ನೇ ಹಿಡಿದು ಕಾಳಿನ ಬದಲು ಅಯಸ್ಕಾಂತಕ್ಕೆ ಒಲಿಯುವ ಗುಂಡುಗಳನ್ನು ತುಂಬಿ, ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟರು. ತಳದಲ್ಲಿ ಕಾಣುವ ತೂಕವನ್ನು ಕ್ಷೇತ್ರದಿಂದಲೇ ಹತೋಟಿಗೆ ತರಬಹುದು ಅಂತ ತೋರಿಸಿದರು. ಕಾಣುವ ತೂಕ ಅನ್ನುವುದನ್ನು ಗಮನಿಸಿ. ಕೊಳವೆ, ಗುಂಡು ಎಲ್ಲ ಸೇರಿಸಿ ಒಂದೇ ತಕ್ಕಡಿಗೆ ಹಾಕಿದರೆ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ.

ಆಗುವುದು ಹೀಗೆ. ಕ್ಷೇತ್ರದಲ್ಲಿ ಇಟ್ಟ ಪ್ರತಿ ಗುಂಡೂ ಒಂದು ಪುಟ್ಟ ಮ್ಯಾಗ್ನೆಟ್ ಆಗುತ್ತದೆ, ಎಲ್ಲದರ ಉತ್ತರ ತುದಿ ಒಂದೇ ಕಡೆಗೆ. ಹಾಗಿದ್ದಾಗ ಒಂದರ ತಲೆಗೆ ಇನ್ನೊಂದರ ಬುಡ ಬಂದಂತೆ ಸಾಲಾಗಿ ಇರುವ ಗುಂಡುಗಳು ಒಂದನ್ನೊಂದು ಸೆಳೆಯುತ್ತವೆ, ಅಕ್ಕಪಕ್ಕ ಇರುವವು ದೂಡುತ್ತವೆ. ಶಾಲೆಯಲ್ಲಿ ಎರಡು ಪಟ್ಟಿ ಮ್ಯಾಗ್ನೆಟ್ ಹಿಡಿದು ಆಡಿದವರಿಗೆ ಇದು ಗೊತ್ತೇ ಇದೆ. ಕ್ಷೇತ್ರ ಕೊಳವೆಯ ಉದ್ದಕ್ಕೆ, ಮೇಲೆ ಕೆಳಗೆ ಇದ್ದರೆ, ಒಂದೇ ಮಟ್ಟದಲ್ಲಿರುವ ಗುಂಡುಗಳು ಒಂದನ್ನೊಂದು ಹೊರಕ್ಕೆ ದೂಡುತ್ತವೆ. ಹೊರಗಡೆ ಏನಿದೆ? ಗೋಡೆ. ಗೋಡೆಗೆ ಒತ್ತು ಜಾಸ್ತಿಯಾದರೆ ತಿಕ್ಕಾಟವೂ ಜಾಸ್ತಿ, ತಿಕ್ಕಾಟ ಜಾಸ್ತಿಯಾದರೆ ಗೋಡೆ ಹೊರುವ ಪಾಲೂ ಜಾಸ್ತಿ, ತಳಕ್ಕೆ ಉಳಿಯುವುದು ಕಡಿಮೆ. ಕ್ಷೇತ್ರವನ್ನು ಅಡ್ಡಕ್ಕೆ ತಿರುಗಿಸಿದರೆ ಸೆಳೆತ, ದೂಡಾಟಗಳ ದಿಕ್ಕೂ ತಿರುಗುತ್ತದೆ, ಗೋಡೆಯ ಕಡೆಗಿನ ಬಲವೂ ಬೇರೆಯಾಗುತ್ತದೆ. ಎಷ್ಟು ಬಲ, ಯಾವ ದಿಕ್ಕಿಗೆ ಅನ್ನುವುದೆಲ್ಲ ಹೊರಗಿನ ಕ್ಷೇತ್ರದ ಕೈಯಲ್ಲಿ ಇರುತ್ತದೆ, ಆ ಪ್ರಯೋಗದ ಸೊಗಸು ಇರುವುದೇ ಇಲ್ಲಿ. ಕಾಳಿನ ತಿಕ್ಕಾಟವನ್ನು ಬೇಕಾದ ಹಾಗೆ ಬದಲಿಸಲು ಯಾನ್ಸೆನ್‌ಗೆ ದಾರಿ ಇರಲಿಲ್ಲ, ಇವರಿಗೆ ಸ್ವಿಚ್ ಸಿಕ್ಕಿತು.

ನಿಮ್ಮ ಸುದ್ದಿಯಲ್ಲಿ "ಅಯಸ್ಕಾಂತ ಗುಂಡುಗಳನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ" ಅಂತಿತ್ತು. ಹಾಗಲ್ಲ. ಎಲ್ಲ ಕಡೆ ಒಂದೇ ಸಮನಾಗಿರುವ ಕಾಂತಕ್ಷೇತ್ರ ಯಾವ ಗುಂಡನ್ನೂ ಯಾವ ಕಡೆಗೂ ಎಳೆಯುವುದಿಲ್ಲ. ಎಳೆಯಬೇಕಾದರೆ ಕ್ಷೇತ್ರ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇರಬೇಕು, ಮ್ಯಾಗ್ನೆಟ್ಟಿನ ತುದಿಯ ಹತ್ತಿರ ಇರುತ್ತದಲ್ಲ, ಹಾಗೆ. ಸಮನಾದ ಕ್ಷೇತ್ರದಲ್ಲಿ ನಡೆಯುವುದೆಲ್ಲ ಗುಂಡು ಗುಂಡುಗಳ ನಡುವಿನ ವ್ಯವಹಾರ. ತಳದ ಭಾರ ಇಳಿಸಿದ್ದು ಗೋಡೆ, ಮ್ಯಾಗ್ನೆಟ್ ಬರೀ ಗುಂಡುಗಳನ್ನು ಗೋಡೆಗೆ ಒತ್ತಿಕೊಟ್ಟಿತು. ಹೀಗಿರುವುದರಿಂದ ಇನ್ನೊಂದು ಮಜಾ ಇದೆ: ಮೆದು ಕಬ್ಬಿಣದ ಗುಂಡಾದರೆ ಕ್ಷೇತ್ರವನ್ನು ತಲೆಕೆಳಗು ಮಾಡಿದರೂ, ಉತ್ತರ ದಕ್ಷಿಣ ಅದಲು ಬದಲಾದರೂ, ದೂಡಾಟ ಹಾಗೇ ಇರುತ್ತದೆ, ಎಲ್ಲ ಗುಂಡುಗಳೂ ಒಟ್ಟಿಗೇ ತಿರುಗಿಬಿಡುತ್ತವಲ್ಲ. ಕ್ಷೇತ್ರ ಎರಡು ಪಟ್ಟಾದರೆ ದೂಡಾಟ ನಾಲ್ಕು ಪಟ್ಟು, ಕಬ್ಬಿಣ ಇದಕ್ಕಿಂತ ಜಾಸ್ತಿ ಮ್ಯಾಗ್ನೆಟ್ ಆಗಲಾರೆ, ಸಾಕು ಅನ್ನುವ ತನಕ.

ಇನ್ನು ಭತ್ತಕ್ಕೆ ಬರೋಣ. ಭತ್ತ ಮ್ಯಾಗ್ನೆಟ್ಟಿಗೆ ಕಿವಿಯನ್ನೇ ಕೊಡುವುದಿಲ್ಲ. ಅಡಿಕೆ, ಕಾಳುಮೆಣಸು, ಸಾಣಿಕಟ್ಟೆಯ ಉಪ್ಪು ಯಾವುದೂ ಕೊಡುವುದಿಲ್ಲ. ಮಿಲ್ಲಿನಲ್ಲಿ ಭತ್ತ ಇಳಿಯುವ ದಾರಿಯಲ್ಲಿ ಮ್ಯಾಗ್ನೆಟ್ ಕೂರಿಸುವುದು ನಿಜ, ಆದರೆ ಅದು ಮೊಳೆ, ತಂತಿ ತುಂಡು, ಬೋಲ್ಟು ಹಿಡಿಯಲು. ಒಂದು ಮೊಳೆ ಒಳಗೆ ಹೋದರೆ ರಬ್ಬರ್ ರೋಲು ಹಾಳು. ಅಷ್ಟಕ್ಕೇ ಆ ಮ್ಯಾಗ್ನೆಟ್. ಬಿನ್ನಿನ ಹೊರಗೆ ಸ್ಪೀಕರ್ ಮ್ಯಾಗ್ನೆಟ್ ಅಂಟಿಸಿದರೆ ಒಳಗಿನ ಭತ್ತದ ಭಾರ ಒಂದು ಗ್ರಾಂ ಸಹ ಕದಲುವುದಿಲ್ಲ, ಮ್ಯಾಗ್ನೆಟ್ಟಿನ ತೂಕವೇ ಬಿನ್ನಿಗೆ ಸೇರುತ್ತದೆ.

ಕಾರವಾರ, ಬೇಲೆಕೇರಿ ಕಡೆಯವರು ಕೇಳಬಹುದು, ಅದಿರಾದರೆ? ಬಳ್ಳಾರಿ, ಹೊಸಪೇಟೆ ಕಡೆಯಿಂದ ಲಾರಿ ಲಾರಿ ಬಂದು ಬಂದರಿನಲ್ಲಿ ರಾಶಿ ಬೀಳುತ್ತಿದ್ದ ಕೆಂಪು ಅದಿರು ಮುಖ್ಯವಾಗಿ ಹೆಮಟೈಟ್. ಅದರಲ್ಲಿ ಕಬ್ಬಿಣ ಎಷ್ಟೇ ಇರಲಿ, ಸಾಮಾನ್ಯ ಮ್ಯಾಗ್ನೆಟ್ಟಿಗೆ ಸರಿಯಾಗಿ ಅಂಟುವುದಿಲ್ಲ. ಕುದುರೆಮುಖದ್ದು ಮ್ಯಾಗ್ನೆಟೈಟ್, ಅದು ಅಂಟುತ್ತದೆ. ಅಲ್ಲಿ ಗಣಿಗಾರಿಕೆ 2005ರ ಕೊನೆಗೇ ನಿಂತಿತು. ಇನ್ನು ಬಂದರಿನ ಬಯಲಲ್ಲಿ ಸುರಿದ ರಾಶಿಗೆ ಗೋಡೆಯೇ ಇಲ್ಲವಲ್ಲ, ಯಾನ್ಸೆನ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದರದ್ದು ಬೇರೆಯೇ ಚೋದ್ಯ: ಒಂದೇ ಜಾಗದಿಂದ ಸುರಿದ ಮರಳಿನ ರಾಶಿಯಲ್ಲಿ ನೆಲದ ಮೇಲಿನ ಒತ್ತಡ ಶಿಖರದ ನೇರ ಕೆಳಗೆ ಎಲ್ಲಕ್ಕಿಂತ ಜಾಸ್ತಿ ಇರಬೇಕು ಅನಿಸುತ್ತದೆ ಅಲ್ವಾ, ಅಳೆದು ನೋಡಿದರೆ ಅಲ್ಲೇ ಸ್ವಲ್ಪ ತಗ್ಗಿರುತ್ತದೆ, ಸುತ್ತ ಉಂಗುರದ ಹಾಗೆ ಜಾಸ್ತಿ. ಅಲ್ಲೂ ಭಾರ ಅಡ್ಡದಾರಿ ಹಿಡಿದಿರುತ್ತದೆ.

ಇದನ್ನೆಲ್ಲ ಓದಿ ಯಾರೂ ನಂಬಬೇಕಾಗಿಲ್ಲ, ಮನೆಯಲ್ಲೇ ಮಾಡಿ ನೋಡಬಹುದು. ಎರಡು ಇಂಚಿನ ಪಿವಿಸಿ ಪೈಪ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಕಿಲೋ ಅಕ್ಕಿ. ಪೈಪನ್ನು ನೆಟ್ಟಗೆ ನಿಲ್ಲಿಸಿ ಗಟ್ಟಿಯಾಗಿ ಕಟ್ಟಿ, ತಕ್ಕಡಿಗೆ ಅದು ತಾಗಲೇಬಾರದು. ಪೈಪಿನ ಒಳಗೆ ಸಡಿಲವಾಗಿ ಕೂರುವಂಥ ಒಂದು ಬಿಲ್ಲೆ ಮಾಡಿ ಸಣ್ಣ ಡಬ್ಬಿಯ ಮೇಲೆ ಅಂಟಿಸಿ, ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಬಿಲ್ಲೆ ಪೈಪಿನ ಬಾಯೊಳಗೆ ಸ್ವಲ್ಪ ಹೋಗುವಂತೆ ಹೊಂದಿಸಿ. ಬಿಲ್ಲೆ ಪೈಪಿಗೆ ಉಜ್ಜಬಾರದು, ಅಕ್ಕಿ ಸಂದಿಯಲ್ಲಿ ಉದುರಲೂ ಬಾರದು. ಕಷ್ಟದ ಕೆಲಸ ಅಂದರೆ ಇದೊಂದೇ. ಆಮೇಲೆ ತಕ್ಕಡಿ ಸೊನ್ನೆ ಮಾಡಿ ಸಣ್ಣ ಲೋಟದಲ್ಲಿ ಅಕ್ಕಿ ಸುರಿಯುತ್ತಾ ಹೋಗಿ. ಮೊದಲ ಲೋಟಕ್ಕೆ ತಕ್ಕಡಿ ಹೆಚ್ಚುಕಡಿಮೆ ಪೂರ್ತಿ ತೂಕ ತೋರಿಸುತ್ತದೆ, ಎರಡನೆಯದಕ್ಕೆ ಅರೆಮನಸ್ಸು, ಆಮೇಲೆ ಜಗ್ಗುವುದೇ ಇಲ್ಲ. ಐದು ಸೆಂಟಿಮೀಟರ್ ಅಗಲದ ನುಣುಪು ಪೈಪಿಗೆ ಲೆಕ್ಕ ಹಾಕಿದರೆ ಸುಮಾರು 130 ಗ್ರಾಮಿನ ಹತ್ತಿರ ನಿಲ್ಲಬೇಕು, ನಿಮ್ಮ ಅಕ್ಕಿ, ನಿಮ್ಮ ಪೈಪ್ ನೋಡಿಕೊಂಡು ಹೆಚ್ಚುಕಡಿಮೆ ಬರುತ್ತದೆ. ಪೈಪಿನ ಒಳಗೆ ಮಾತ್ರ ಒಂದು ಕಿಲೋ ಅಕ್ಕಿ ನಿಂತಿರುತ್ತದೆ!

ಅಷ್ಟಕ್ಕೇ ಬಿಡಬೇಡಿ. ಪೈಪನ್ನು ಬೆರಳಲ್ಲಿ ಟಕ್ ಅಂತ ತಟ್ಟಿ, ಅಂಕಿ ಬದಲಾಗುತ್ತದೆ, ಕಾಳುಗಳು ಗೋಡೆಯ ಹಿಡಿತ ಬಿಟ್ಟು ಮತ್ತೆ ಹಿಡಿಯುತ್ತವೆ. ಪೈಪಿನ ಕಟ್ಟು ಸಡಿಲಿಸಿ ಕೂದಲೆಳೆಯಷ್ಟು ಕೆಳಕ್ಕೆ ಒತ್ತಿ. ಈಗ ಗೋಡೆ ಅಕ್ಕಿಯನ್ನು ಎತ್ತಿ ಹಿಡಿಯುವ ಬದಲು ಕೆಳಕ್ಕೆ ದಬ್ಬುತ್ತದೆ, ತಕ್ಕಡಿ ಹಾಕಿದ ಅಕ್ಕಿಗಿಂತಲೂ ಜಾಸ್ತಿ ತೋರಿಸಬಹುದು. ತೂಕ ಮಾಯವಾಗಿದ್ದರೆ ಇದೆಲ್ಲಿಂದ ಬರಬೇಕಿತ್ತು ಹೇಳಿ? ನನಗೆ ಈ ಎರಡನೆಯ ಆಟವೇ ಜಾಸ್ತಿ ಇಷ್ಟ, ಮಕ್ಕಳಿಗೂ ಅದೇ ತಲೆಗೆ ಹತ್ತುತ್ತದೆ.

ಮ್ಯಾಗ್ನೆಟ್ ಆಟ ಮನೆಯಲ್ಲಿ ಅಷ್ಟು ಸಲೀಸಲ್ಲ. ಸೈಕಲ್ ಅಂಗಡಿಯಲ್ಲಿ ಬೇರಿಂಗ್ ಗುಂಡು ಸಿಗುತ್ತವೆ, ಆದರೆ ಪಕ್ಕದಲ್ಲಿ ಒಂದು ಮ್ಯಾಗ್ನೆಟ್ ಹಿಡಿದರೆ ಅದರ ಕ್ಷೇತ್ರ ಸಮನಾಗಿರುವುದಿಲ್ಲ, ಗುಂಡುಗಳನ್ನು ನೇರವಾಗಿ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಆಗ ಸಿಗುವ ಅಂಕಿ ಆ ವಿಜ್ಞಾನಿಗಳ ಪ್ರಯೋಗದ್ದಲ್ಲ, ನಿಮ್ಮ ಕೈ ಎಷ್ಟು ಹತ್ತಿರ ಹೋಯಿತು ಅನ್ನುವುದರದ್ದು. ಸರಿಯಾಗಿ ಮಾಡಬೇಕಾದರೆ ಕೊಳವೆಯ ಸುತ್ತ ತಂತಿಯ ಸುರುಳಿ ಸುತ್ತಿ, ಕರೆಂಟ್ ಹಾಯಿಸಿ, ಸುರುಳಿಯ ನಡುಭಾಗದಲ್ಲಿ ಗುಂಡುಗಳನ್ನು ಇಡಬೇಕು. ಸುರುಳಿ ಕೊಳವೆಗಿಂತ ಸಾಕಷ್ಟು ಉದ್ದ ಇರಲಿ. ಬಿಸಿಯಾಗುತ್ತದೆ, ತುಂಬ ಹೊತ್ತು ಬಿಡಬೇಡಿ. ಬೇರಿಂಗ್ ಗುಂಡು ಗಟ್ಟಿ ಉಕ್ಕಿನದ್ದು, ಕರೆಂಟ್ ತೆಗೆದ ಮೇಲೂ ಸ್ವಲ್ಪ ಮ್ಯಾಗ್ನೆಟ್ ಗುಣ ಉಳಿಸಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಪ್ರತಿ ಸಲ ಖಾಲಿ ಮಾಡಿ ಮತ್ತೆ ತುಂಬಬೇಕು.

ಪ್ರೌಢಶಾಲೆಗಳ ವಿಜ್ಞಾನ ಮೇಳದಲ್ಲಿ ವರ್ಷ ವರ್ಷವೂ ಅದೇ ಜ್ವಾಲಾಮುಖಿ, ಅದೇ ಥರ್ಮಾಕೋಲ್ ಅಣೆಕಟ್ಟು ನೋಡಿ ನಮಗೂ ಸಾಕಾಗಿದೆ, ಮೇಷ್ಟ್ರುಗಳಿಗೂ ಸಾಕಾಗಿರಬೇಕು. ಅಕ್ಕಿ ಪೈಪಿಗೆ ಖರ್ಚೇ ಇಲ್ಲ, ಕೊನೆಗೆ ಅಕ್ಕಿಯನ್ನು ಬಿಸಿಯೂಟಕ್ಕೆ ಕೊಟ್ಟರಾಯಿತು. ಒಂದೇ ಮಾತು: ಮಕ್ಕಳಿಗೆ ಎರಡು ತಕ್ಕಡಿ ಕೊಡಿ, ತಳದ ಕೆಳಗೆ ಒಂದು, ಪೈಪ್ ಹಿಡಿದ ಸ್ಟ್ಯಾಂಡಿನ ಕೆಳಗೆ ಇನ್ನೊಂದು. ಎರಡನ್ನೂ ಕೂಡಿಸಿ ಬರೆಯಲು ಹೇಳಿ. ನಿಮ್ಮ ವರದಿಗಾರರೂ ಅದೇ ಎರಡನೇ ತಕ್ಕಡಿಯ ಬಗ್ಗೆ ಕೇಳಿದ್ದಿದ್ದರೆ ಆ ಹಿರಿಯರು ನನ್ನ ಜೊತೆ ಅರ್ಧ ದಿನ ಚೌಕಾಸಿ ಮಾಡುತ್ತಿರಲಿಲ್ಲ. ಅವರ ಬಿನ್ 14 ಗೇಜಿನಲ್ಲೇ ಆಗುತ್ತಿದೆ, ಬುಡದ ಸುತ್ತ ಒಂದು ಆಂಗಲ್ ಜಾಸ್ತಿಯೇ ಹಾಕಿದ್ದೇನೆ, ಬಾಯಿ ನಡುವೆ.

ಶಿರಸಿ, ಸಿದ್ದಾಪುರ ಕಡೆಯ ಯಾವ ಶಾಲೆಯವರಿಗಾದರೂ ಪೈಪ್ ನಿಲ್ಲಿಸುವ ಸ್ಟ್ಯಾಂಡ್ ಬೇಕಾದರೆ ಸುಮ್ನೆ ಅಳತೆ ಕಳಿಸಿ, ದುಡ್ಡು ಬೇಡ. ಅಕ್ಕಿಯ ಪ್ರಯೋಗಕ್ಕಾದರೆ ಕಬ್ಬಿಣದ್ದು ನಡೆಯುತ್ತದೆ. ಮ್ಯಾಗ್ನೆಟ್ ಪ್ರಯೋಗಕ್ಕೆ ಮಾತ್ರ ಬಡಗಿಯ ಹತ್ತಿರ ಹೋಗಿ, ಮರದ್ದೇ ಮಾಡಿಸಿ. ಕಬ್ಬಿಣದ ಸ್ಟ್ಯಾಂಡ್ ಪಕ್ಕದಲ್ಲಿದ್ದರೆ ಕ್ಷೇತ್ರ ಸಮನಾಗಿ ಇರುವುದಿಲ್ಲ.

ಇಂತಿ,
ಬಿನ್ ಮಾಡುವ ಒಬ್ಬ ಓದುಗ, ಶಿರಸಿ